ಮನೆಗೆ ಲ್ಯಾಪ್‌ಟಾಪೋ, ಡೆಸ್ಕ್‌ಟಾಪೋ? ಕಡಸು ಮಾರುವ ಮುಂಚೆ ಓದಿ



ಕೆಚ್ಚಲು ಬಾವು, ಬೆದೆ ಗುರುತಿಸುವುದು, ಕರು ಸಾಕಣೆ ಇಂಥವುಗಳ ಬಗ್ಗೆ ಈ ಪುಟದಲ್ಲಿ ಬರೆಯುತ್ತಿದ್ದ ನಾನು ಈ ತಿಂಗಳು ಕಂಪ್ಯೂಟರ್ ಬಗ್ಗೆ ಬರೆಯುತ್ತಿದ್ದೇನೆ. ಹಸು ನೋಡುವ ಡಾಕ್ಟರಿಗೆ ಇದೇಕೆ ಎನ್ನಬೇಡಿ. ಪಿಯುಸಿ ಫಲಿತಾಂಶ ಬಂದು ಮಕ್ಕಳು ಕಾಲೇಜು ಸೇರುವ ದಿನಗಳಲ್ಲಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಯಾವ ಕೊಟ್ಟಿಗೆಗೆ ಹೋದರೂ, ಹಸು ನೋಡಿ ಕೈ ತೊಳೆಯುವಷ್ಟರಲ್ಲಿ ಈ ಪ್ರಶ್ನೆ ಬರುತ್ತದೆ: "ಡಾಕ್ಟ್ರೇ, ಮನೆಗೊಂದು ಕಂಪ್ಯೂಟರ್ ತರ್ಬೇಕು ಅಂತಿದೀವಿ. ಲ್ಯಾಪ್‌ಟಾಪ್ ತಗಳದೋ, ಟೇಬಲ್ ಮೇಲೆ ಇಡೋದು ತಗಳದೋ?" ನನ್ನ ಬ್ಯಾಗಿನಲ್ಲಿ ಒಂದು ಇರುವುದನ್ನು ಕಂಡು ಕೇಳುತ್ತಾರೆ. ನಿಂತ ನಿಲುವಿನಲ್ಲಿ ಹೇಳಿದ ಉತ್ತರಗಳಲ್ಲಿ ಕೆಲವು ಸರಿಹೋದವು, ಒಂದಂತೂ ತೀರಾ ತಪ್ಪಾಯಿತು. ಅದನ್ನೇ ಮೊದಲು ಹೇಳುತ್ತೇನೆ.

ಕಳೆದ ವರ್ಷ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯಿಂದ ಕರೆ ಬಂತು. ಏಳು ತಿಂಗಳ ಗಬ್ಬದ ಎಚ್.ಎಫ್. ಮಿಶ್ರತಳಿ ಕಡಸು ಮಾರಿದ್ದಾರೆ, ಕಿವಿಯೋಲೆಯ 12 ಅಂಕಿಯ ಸಂಖ್ಯೆಗೆ ಮಾಲೀಕರ ಹೆಸರು ಬದಲಾಯಿಸಿಕೊಡಬೇಕು ಎಂದು. ಆ ಕಡಸು ಹುಟ್ಟಿದ್ದು ನಾನೇ ಮಾಡಿದ ಕೃತಕ ಗರ್ಭಧಾರಣೆಗೆ. ಕರುವಾಗಿದ್ದಾಗ ಭೇದಿ ಹತ್ತಿ ಎರಡು ದಿನ ಮಲಗಿದ್ದನ್ನು ಆ ಮನೆಯ ತಾಯಿ ರಾತ್ರಿಯೆಲ್ಲ ಉಪ್ಪು ಸಕ್ಕರೆ ನೀರು ಕುಡಿಸಿ ಉಳಿಸಿಕೊಂಡಿದ್ದರು. "ಯಾಕಣ್ಣ ಮಾರಿದ್ರಿ?" ಎಂದೆ. ಮಗ ಬಿ.ಕಾಂ.ಗೆ ಸೇರಿದ್ದಾನೆ, ಕಂಪ್ಯೂಟರ್ ಬೇಕು, ಹೇಗೂ ಮನೆಯವರಿಗೆಲ್ಲ ಆಗುತ್ತದೆ ಎಂದರು. ಕಡಸು 58,000ಕ್ಕೆ ಹೋಗಿತ್ತು. ಅದಕ್ಕೆ ಕೊಬ್ಬರಿ ಮಾರಿದ ದುಡ್ಡು ಸೇರಿಸಿ 74,000 ರೂಪಾಯಿಯ ಲ್ಯಾಪ್‌ಟಾಪ್ ತಂದಿದ್ದರು. ತೆಗೆದು ನೋಡಿದೆ. ಅದು ಕಂಪ್ಯೂಟರ್ ಆಟ ಆಡುವವರಿಗೆಂದೇ ಮಾಡಿದ ಯಂತ್ರ. ಹುಡುಗನಿಗೆ ಬೇಕಾಗಿದ್ದದ್ದು ಟ್ಯಾಲಿ ಮತ್ತು ಎಕ್ಸೆಲ್. ಅದರ ಅರ್ಧ ಬೆಲೆಯದ್ದು ಸಾಕಿತ್ತು.

ಎರಡು ತಿಂಗಳಿಗೆ ಹುಡುಗ ತುಮಕೂರಿನ ಹಾಸ್ಟೆಲಿಗೆ ಹೋದ. ಲ್ಯಾಪ್‌ಟಾಪೂ ಅವನ ಜೊತೆ ಹೋಯಿತು. ಮನೆಯಲ್ಲಿ ಉಳಿದವರು ಒಂಬತ್ತನೇ ತರಗತಿಯ ತಂಗಿ ಮತ್ತು ಮಹಿಳಾ ಹಾಲು ಸಂಘದ ಲೆಕ್ಕ ನೋಡುವ ತಾಯಿ. ಇಬ್ಬರಿಗೂ ಮತ್ತೆ ಒಂದೇ ಮೊಬೈಲು. ಕಡಸು ಕಟ್ಟುತ್ತಿದ್ದ ಜಾಗ ಖಾಲಿ.

ಇದರಲ್ಲಿ ನನ್ನ ಪಾಲೂ ಇದೆ. ಕಡಸು ಮಾರುವ ಹದಿನೈದು ದಿನ ಮುಂಚೆ ಆ ಅಣ್ಣ ಫೋನ್ ಮಾಡಿ ಇದೇ ಪ್ರಶ್ನೆ ಕೇಳಿದ್ದರು. ನಾನು ಬೇರೊಂದು ಕಡೆ ಕಷ್ಟದ ಹೆರಿಗೆ ನೋಡುತ್ತಿದ್ದೆ. "ಈಗೆಲ್ಲ ಲ್ಯಾಪ್‌ಟಾಪೇ ಅಣ್ಣ, ಅದನ್ನೇ ತಗೊಳ್ಳಿ" ಎಂದು ಫೋನ್ ಇಟ್ಟಿದ್ದೆ. ಯಾರಿಗೆ, ಎಲ್ಲಿಗೆ, ದುಡ್ಡು ಎಲ್ಲಿಂದ ಎಂದು ಒಂದು ಮಾತು ಕೇಳಿರಲಿಲ್ಲ. ಹಸುವಿಗೆ ಜ್ವರ ಎಂದರೆ ಹತ್ತು ಪ್ರಶ್ನೆ ಕೇಳುವ ನಾನು ಇಲ್ಲಿ ಒಂದೂ ಕೇಳಲಿಲ್ಲ.

ಆ ಕಡಸಿನ ಲೆಕ್ಕ ನೀವೇ ಹಾಕಿ ನೋಡಿ. ಕರು ಹಾಕಿದ ಮೇಲೆ ದಿನಕ್ಕೆ ಸರಾಸರಿ 9 ಲೀಟರ್ ಎಂದರೂ 300 ದಿನಕ್ಕೆ 2,700 ಲೀಟರ್. ನಿಮ್ಮ ಸಂಘದ ದರದಿಂದ ಗುಣಿಸಿ, ಸರ್ಕಾರದ ಪ್ರೋತ್ಸಾಹಧನ ಸೇರಿಸಿ, ಮೇವು ಹಿಂಡಿ ಖರ್ಚು ಕಳೆಯಿರಿ. ಉಳಿಯುವ ದುಡ್ಡಿನಲ್ಲಿ ಒಂದು ಸಾಧಾರಣ ಕಂಪ್ಯೂಟರ್ ಬರುತ್ತದೆ, ಹಸುವೂ ಮನೆಯಲ್ಲೇ ಇರುತ್ತದೆ, ಜೊತೆಗೆ ಒಂದು ಕರು. ಒಂದು ವರ್ಷ ಕಾಯಬೇಕು ಅಷ್ಟೆ.

ಬೇಕೋ ಬೇಡವೋ

ಪಹಣಿ ನೋಡಲು, ಬಟವಾಡೆ ಬ್ಯಾಂಕಿಗೆ ಬಂತೇ ಎಂದು ನೋಡಲು, ಬೆಂಗಳೂರಿನಲ್ಲಿರುವ ಮಗನ ಜೊತೆ ವಿಡಿಯೊದಲ್ಲಿ ಮಾತಾಡಲು ಕಂಪ್ಯೂಟರ್ ಬೇಡ. ಇದಕ್ಕೆಲ್ಲ ಕೈಯಲ್ಲಿರುವ ಮೊಬೈಲೇ ಸಾಕು. ಕಂಪ್ಯೂಟರ್ ಬೇಕಾಗುವುದು ಬರೆಯುವ, ಲೆಕ್ಕ ಹಾಕುವ, ಟೈಪ್ ಕಲಿಯುವ, ಪ್ರಾಜೆಕ್ಟ್ ಮಾಡುವ ಕೆಲಸಕ್ಕೆ. ಹೈಸ್ಕೂಲ್ ಮಕ್ಕಳಿಗೆ ಟೈಪಿಂಗ್ ಮತ್ತು ಎಕ್ಸೆಲ್ ಬಂದರೆ ಮುಂದೆ ಯಾವ ಕೋರ್ಸಿಗೆ ಹೋದರೂ ಅನುಕೂಲ. ಕನ್ನಡ ಟೈಪಿಂಗಿಗೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಇದೆ. ವಿಂಡೋಸ್‌ನಲ್ಲೇ ಕನ್ನಡ ಕೀಲಿಮಣೆ ಇರುವುದರಿಂದ ಬೇರೆ ದುಡ್ಡು ಕೊಡಬೇಕಾಗಿಲ್ಲ. ಮನೆಯಲ್ಲಿ ಇಂಥ ಕೆಲಸ ವಾರಕ್ಕೆ ಒಂದು ಗಂಟೆಗಿಂತ ಹೆಚ್ಚು ಇಲ್ಲ ಎನ್ನುವುದಾದರೆ ಈ ಲೇಖನ ಇಲ್ಲಿಗೇ ನಿಲ್ಲಿಸಿ, ಆ ದುಡ್ಡಿನಲ್ಲಿ ಕೊಟ್ಟಿಗೆಗೆ ರಬ್ಬರ್ ಮ್ಯಾಟ್ ಹಾಕಿಸಿ.

ಮೂರು ವರ್ಷದ ಮೇಲೆ ಅದು ಎಲ್ಲಿರುತ್ತದೆ?

ನಾನು ಈಗ ಮೊದಲು ಕೇಳುವುದು ಇದನ್ನೇ. ಮಗ ಅಥವಾ ಮಗಳು ಎರಡು ವರ್ಷದೊಳಗೆ ಹಾಸ್ಟೆಲಿಗೆ ಹೋಗುವವರಾದರೆ, ಕೋರ್ಸಿಗೆ ಕಂಪ್ಯೂಟರ್ ಬೇಕೇ ಬೇಕು ಎನ್ನುವುದಾದರೆ ಲ್ಯಾಪ್‌ಟಾಪ್ ಕೊಡಿಸಿ, ಹಿಂದೆ ಮುಂದೆ ನೋಡಬೇಡಿ. ಆದರೆ ಅದು ಆ ಮಗುವಿನದು, ಮನೆಯದಲ್ಲ ಎಂದು ಕೊಳ್ಳುವ ದಿನವೇ ತಿಳಿದಿರಿ. ತುರುವೇಕೆರೆ ಕಡೆಯ ಒಬ್ಬ ಅಕ್ಕ ಡಿಪ್ಲೊಮಾ ಓದುವ ಮಗಳಿಗೆ ಹೀಗೇ ಕೊಡಿಸಿದರು. "ಇದು ಅವಳ ಪುಸ್ತಕ ಇದ್ದಂಗೆ ಸಾರ್, ಮನೆಗೆ ಅಂತ ನಾನು ಲೆಕ್ಕಕ್ಕೇ ಹಿಡ್ದಿಲ್ಲ" ಎಂದರು. ಲೆಕ್ಕ ಹಾಗೆ ಚೊಕ್ಕಟವಾಗಿರಬೇಕು.

ಮನೆಮಂದಿಯೆಲ್ಲ ಬಳಸುವುದಾದರೆ, ದೊಡ್ಡವರು ಸಣ್ಣವರು ಸೇರಿ ಮೂರ್ನಾಲ್ಕು ಜನ ಕಲಿಯುವುದಾದರೆ, ಡೆಸ್ಕ್‌ಟಾಪೇ ಮೇಲು ಎನ್ನುವುದು ನನ್ನ ಅಭಿಪ್ರಾಯ. ಅದು ಕಟ್ಟಿಹಾಕಿದ ಹಸುವಿನಂತೆ ಒಂದು ಕಡೆ ಇರುತ್ತದೆ, ಯಾರು ಬೇಕಾದರೂ ಹೋಗಿ ಕೂರಬಹುದು. ಪರದೆ ದೊಡ್ಡದು, ಅಜ್ಜನಿಗೂ ಅಕ್ಷರ ಕಾಣುತ್ತದೆ. ಹುಡುಗ ಏನು ನೋಡುತ್ತಿದ್ದಾನೆ ಎಂದು ಅಡುಗೆ ಮನೆಯಿಂದಲೇ ಗೊತ್ತಾಗುತ್ತದೆ (ಮಂಚದ ಮೇಲೆ ಹೊದ್ದಿಕೆಯೊಳಗೆ ಲ್ಯಾಪ್‌ಟಾಪ್ ಹಿಡಿದು ಮಲಗಿದವನನ್ನು ಎಬ್ಬಿಸುವುದು ಬೆಳಗಿನ ಹಾಲು ಕರೆಯುವ ಹೊತ್ತಿಗೆ ಎಷ್ಟು ಕಷ್ಟ ಎನ್ನುವುದು ನಿಮಗೇ ಗೊತ್ತು). ಕೀಬೋರ್ಡ್ ಮೇಲೆ ಕಾಫಿ ಚೆಲ್ಲಿದರೆ ನಾಲ್ಕೈದು ನೂರು ರೂಪಾಯಿಗೆ ಬೇರೆ ಕೀಬೋರ್ಡ್. ಲ್ಯಾಪ್‌ಟಾಪ್ ಮೇಲೆ ಚೆಲ್ಲಿದರೆ ಕಾಫಿ ನೇರ ಒಳಗಿನ ಬೋರ್ಡಿಗೆ ಇಳಿಯುತ್ತದೆ, ಕೆಲವೊಮ್ಮೆ ಯಂತ್ರದ ಅರ್ಧ ಬೆಲೆಯೇ ಹೋಗುತ್ತದೆ.

ಊರೊಳಗಿನ ಮನೆಯೋ, ತೋಟದ ಮನೆಯೋ

ಬೆಂಗಳೂರಿನವರು ಈ ಪ್ರಶ್ನೆ ಕೇಳುವುದೇ ಇಲ್ಲ. ನಮ್ಮ ಕಡೆ ಅರ್ಧ ತೀರ್ಮಾನ ಇಲ್ಲೇ ಆಗಿಹೋಗುತ್ತದೆ.

ಊರೊಳಗಿನ ಮನೆಗಳಿಗೆ ನಿರಂತರ ಜ್ಯೋತಿ ಯೋಜನೆಯ ಬೇರೆ ಫೀಡರ್‌ನಿಂದ ಕರೆಂಟ್ ಬರುವ ಕಡೆ ಅಷ್ಟು ತೊಂದರೆ ಇಲ್ಲ. ತೆಂಗಿನ ತೋಟದ ನಡುವೆ ಮನೆ ಮಾಡಿಕೊಂಡವರ ಕಥೆ ಬೇರೆ. ಅನೇಕ ತೋಟದ ಮನೆಗಳು ಇಂದಿಗೂ ಪಂಪ್‌ಸೆಟ್ ಲೈನಿನಲ್ಲೇ ಇವೆ. ಮೂರು ಫೇಸ್ ಬಂದ ಕೂಡಲೇ ಸುತ್ತಲಿನ ಬೋರ್‌ವೆಲ್ ಮೋಟರುಗಳೆಲ್ಲ ಒಟ್ಟಿಗೆ ಶುರುವಾಗಿ ವೋಲ್ಟೇಜ್ ಕುಸಿಯುತ್ತದೆ, ಬಲ್ಬು ಮಂಕಾಗುತ್ತದೆ. ಮೋಟರುಗಳು ನಿಂತಾಗ ಏಕಾಏಕಿ ಏರುತ್ತದೆ. ಉಳಿದ ಹೊತ್ತು ಇರುವ ಕರೆಂಟೂ ನಂಬುವಂಥದ್ದಲ್ಲ.

ಲ್ಯಾಪ್‌ಟಾಪಿನ ಚಾರ್ಜರ್ ಮೇಲೆ ಸಣ್ಣ ಅಕ್ಷರದಲ್ಲಿ 100–240 ವೋಲ್ಟ್ ಎಂದು ಬರೆದಿರುತ್ತದೆ. ಅಂದರೆ ವೋಲ್ಟೇಜ್ 150ಕ್ಕೆ ಇಳಿದರೂ ಅದು ಕೆಲಸ ಮಾಡುತ್ತದೆ. ಕರೆಂಟ್ ಹೋದರೆ ಒಳಗಿನ ಬ್ಯಾಟರಿ ಹೊಸದರಲ್ಲಿ ನಾಲ್ಕೈದು ಗಂಟೆ ಎಳೆಯುತ್ತದೆ. ಡೆಸ್ಕ್‌ಟಾಪಿಗೆ ಬ್ಯಾಟರಿಯೇ ಇಲ್ಲ. ಕರೆಂಟ್ ಹೋದ ಕ್ಷಣ ಆರುತ್ತದೆ, ಬರೆಯುತ್ತಿದ್ದದ್ದೂ ಹೋಗುತ್ತದೆ. ಅದಕ್ಕೆ ಯುಪಿಎಸ್ ಬೇಕು. 600 ವಿಎ ಅಳತೆಯ ಸಣ್ಣ ಯುಪಿಎಸ್ ಸುಮಾರು ಮೂರು ಸಾವಿರಕ್ಕೆ ಸಿಗುತ್ತದೆ, ಆದರೆ ಅದು ನಿಲ್ಲುವುದು ಹತ್ತು ಹದಿನೈದು ನಿಮಿಷ ಮಾತ್ರ. ಅದು ಇರುವುದು ಕೆಲಸ ಉಳಿಸಿ ಆರಿಸಲಿಕ್ಕೆ, ಸಿನಿಮಾ ನೋಡಲಿಕ್ಕಲ್ಲ.

ಮನೆಯಲ್ಲಿ ಆಗಲೇ ಇನ್ವರ್ಟರ್ ಇದ್ದರೆ ಲೆಕ್ಕ ಬದಲಾಗುತ್ತದೆ. 150 ಆಂಪಿಯರ್ ಅವರ್‌ನ ಒಂದು ಬ್ಯಾಟರಿ ಚೆನ್ನಾಗಿದ್ದರೆ, ಸುಮಾರು 120 ವಾಟ್ ಎಳೆಯುವ ಡೆಸ್ಕ್‌ಟಾಪ್ ಮತ್ತು ಎರಡು ಎಲ್ಇಡಿ ಬಲ್ಬನ್ನು ಏಳೆಂಟು ಗಂಟೆ ನಡೆಸಬಲ್ಲದು. ಆದರೆ ಅನೇಕ ಇನ್ವರ್ಟರುಗಳ ಹಿಂದೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಒಂದು ಕಡೆ 'ನಾರ್ಮಲ್', ಇನ್ನೊಂದು ಕಡೆ 'ಯುಪಿಎಸ್'. ನಾರ್ಮಲ್‌ನಲ್ಲಿದ್ದರೆ ಕರೆಂಟಿನಿಂದ ಬ್ಯಾಟರಿಗೆ ಬದಲಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಬಲ್ಬು ಒಂದು ಸಲ ಕಣ್ಣು ಮಿಟುಕಿಸುತ್ತದೆ, ಕಂಪ್ಯೂಟರ್ ಆರಿಹೋಗುತ್ತದೆ. ಅದನ್ನು ಯುಪಿಎಸ್ ಕಡೆ ಹಾಕಬೇಕು. ಹಾಗೆ ಹಾಕಿದರೆ ವೋಲ್ಟೇಜ್ ಸ್ವಲ್ಪ ಇಳಿದರೂ ಇನ್ವರ್ಟರ್ ಬ್ಯಾಟರಿಗೆ ಹೋಗಿಬಿಡುತ್ತದೆ. ವೋಲ್ಟೇಜ್ ಸದಾ ಕಡಿಮೆ ಇರುವ ತೋಟದ ಮನೆಯಲ್ಲಿ ಬ್ಯಾಟರಿ ಬೇಗ ಸೊರಗುತ್ತದೆ. ಹಾಗಾಗಿ ಪಂಪ್‌ಸೆಟ್ ಲೈನಿನ ತೋಟದ ಮನೆಯವರಿಗೆ, ಬೇರೆಲ್ಲ ಕಾರಣ ಡೆಸ್ಕ್‌ಟಾಪ್ ಕಡೆ ಇದ್ದರೂ, ನಾನು ಲ್ಯಾಪ್‌ಟಾಪೇ ಎನ್ನುತ್ತೇನೆ.

ಕರೆಂಟ್ ಬಿಲ್ಲಿನ ಮಾತು ಚಿಕ್ಕದು. ದಿನಕ್ಕೆ ನಾಲ್ಕು ಗಂಟೆ ಬಳಸಿದರೆ ಡೆಸ್ಕ್‌ಟಾಪ್ ತಿಂಗಳಿಗೆ 14 ಯೂನಿಟ್ ಆಸುಪಾಸು, ಲ್ಯಾಪ್‌ಟಾಪ್ ಐದಾರು ಯೂನಿಟ್. ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತ ಎಂದರೂ ಪ್ರತಿ ಮನೆಗೆ ಹಿಂದಿನ ಸರಾಸರಿ ಬಳಕೆಯ ಮೇಲೆ ಒಂದು ಮಿತಿ ಇದೆ. ಅದನ್ನು ದಾಟಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು. ನಿಮ್ಮ ಬಿಲ್ಲಿನಲ್ಲಿ ಎಷ್ಟು ಜಾಗ ಉಳಿದಿದೆ ನೋಡಿಕೊಳ್ಳಿ.

ಮುಟ್ಟಿದರೆ 'ಜುಮ್' ಎಂದರೆ ಕೊಟ್ಟಿಗೆಯನ್ನೂ ನೋಡಿ

ಇದು ನನ್ನ ಕಸುಬಿಗೆ ಸೇರಿದ ಮಾತು, ಸ್ವಲ್ಪ ಉದ್ದವಾದರೂ ಓದಿ.

ತಿಪಟೂರು ತಾಲ್ಲೂಕಿನ ಒಂದು ಮನೆಯಲ್ಲಿ ಜರ್ಸಿ ಮಿಶ್ರತಳಿ ಹಸು ತೊಟ್ಟಿಯ ನೀರು ಕುಡಿಯುತ್ತಿಲ್ಲ, ಹಾಲು ಇಳಿದಿದೆ, ಕರೆಯುವಾಗ ಕಾಲು ಎತ್ತಿ ಇಡುತ್ತದೆ ಎಂದು ಕರೆದರು. ಜ್ವರವಿಲ್ಲ, ಕೆಚ್ಚಲು ಚೆನ್ನಾಗಿದೆ, ಬಕೆಟ್ಟಿನಲ್ಲಿ ಕೊಟ್ಟರೆ ನೀರು ಕುಡಿಯುತ್ತದೆ. ನನಗೆ ತಲೆಬುಡ ತಿಳಿಯಲಿಲ್ಲ. ಹೊರಡುವಾಗ ಆ ಮನೆಯ ಹುಡುಗ "ಸಾರ್, ನಮ್ಮ ಕಂಪ್ಯೂಟರ್ ಡಬ್ಬ ಮುಟ್ಟಿದ್ರೆ ಜುಮ್ ಅನ್ನತ್ತೆ, ಕೆಟ್ಟಿದೆಯಾ?" ಎಂದು ಕೇಳಿದ. ಆಗ ಹೊಳೆಯಿತು. ವೈರಿಂಗ್ ಮಾಡುವವರನ್ನು ಕರೆಸಿದರೆ ಮನೆಯ ಅರ್ಥಿಂಗ್ ತಂತಿ ಗುಂಡಿಯ ಹತ್ತಿರ ತುಕ್ಕು ಹಿಡಿದು ಕತ್ತರಿಸಿಹೋಗಿತ್ತು. ತೊಟ್ಟಿಗೆ ನೀರು ತುಂಬುವ ಮೋಟರಿನಿಂದ ಸ್ವಲ್ಪ ಸ್ವಲ್ಪ ಕರೆಂಟ್ ಕಬ್ಬಿಣದ ಪೈಪಿಗೆ ಸೋರುತ್ತಿತ್ತು.

ಅರ್ಥಿಂಗ್ ಇಲ್ಲದ ಮನೆಯಲ್ಲಿ ಡೆಸ್ಕ್‌ಟಾಪಿನ ತಗಡಿನ ಡಬ್ಬ ಜುಮ್ ಎನ್ನುವುದು ಸಾಮಾನ್ಯ. ಚೆನ್ನಾಗಿರುವ ಯಂತ್ರದಲ್ಲೂ ಭೂಮಿಗೆ ಹರಿದುಹೋಗಬೇಕಾದ ಅಲ್ಪ ಕರೆಂಟ್ ದಾರಿ ಸಿಗದೆ ಡಬ್ಬಕ್ಕೆ ಬರುತ್ತದೆ. ನಮಗೆ ಚಪ್ಪಲಿ ಇದೆ, ಒಣ ನೆಲ ಇದೆ. ಹಸು ನಾಲ್ಕು ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಒದ್ದೆ ಮೂತಿಯನ್ನು ತೊಟ್ಟಿಗೆ ಹಾಕುತ್ತದೆ. ಅದರ ಮೈಯಲ್ಲಿ ಕರೆಂಟ್ ನಮಗಿಂತ ಸುಲಭವಾಗಿ ಹರಿಯುವುದರಿಂದ ನಮಗೆ ಗೊತ್ತೇ ಆಗದ ಒಂದೆರಡು ವೋಲ್ಟ್ ಕೂಡ ಅದಕ್ಕೆ ತಿಳಿಯುತ್ತದೆ. ನೀರು ಕಡಿಮೆ ಕುಡಿಯುತ್ತದೆ, ಸೊರೆ ಪೂರ್ತಿ ಬಿಡುವುದಿಲ್ಲ, ಕೆಚ್ಚಲಲ್ಲಿ ಹಾಲು ಉಳಿದು ಬಾವಿಗೆ ದಾರಿಯಾಗುತ್ತದೆ. ಹಾಲು ಕರೆಯುವ ಯಂತ್ರ, ಮೇವು ಕತ್ತರಿಸುವ ಯಂತ್ರ ಇರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಯಾವ ಕಂಪ್ಯೂಟರ್ ತಂದರೂ ಅದಕ್ಕೆ ಮುಂಚೆ ಅರ್ಥಿಂಗ್ ಪರೀಕ್ಷೆ ಮಾಡಿಸಿ. ಬೇಸಿಗೆಯಲ್ಲಿ ಅರ್ಥಿಂಗ್ ಗುಂಡಿಗೆ ಆಗಾಗ ಒಂದು ಕೊಡ ನೀರು ಹಾಕಿ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ಚುಚ್ಚುವ ಅಭ್ಯಾಸ ಬಿಡಿ.

ಹಳೆಯದು ಕೊಳ್ಳುವುದಾದರೆ ಹಲ್ಲು ಎಣಿಸಿ

ದುಡ್ಡಿನ ವಿಷಯಕ್ಕೆ ಬರೋಣ. ಓದುವ ಮಕ್ಕಳಿಗೆ ಸಾಲುವ ಹೊಸ ಲ್ಯಾಪ್‌ಟಾಪ್ ಮೂವತ್ತೈದು ಸಾವಿರದ ಆಚೀಚೆಯಿಂದ ಶುರುವಾಗುತ್ತದೆ. ಅಷ್ಟೇ ಶಕ್ತಿಯ ಹೊಸ ಡೆಸ್ಕ್‌ಟಾಪ್, ಪರದೆ ಮತ್ತು ಯುಪಿಎಸ್ ಸೇರಿಸಿದರೆ ಬೆಲೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಹಳೆಯದರಲ್ಲಿ. ಬೆಂಗಳೂರಿನ ಕಂಪನಿಗಳು ಕೆಲವು ವರ್ಷ ಬಳಸಿ ಬಿಟ್ಟ ಡೆಸ್ಕ್‌ಟಾಪುಗಳು ಎಸ್.ಪಿ. ರೋಡ್ ಅಂಗಡಿಗಳಲ್ಲಿ ಸಿಗುತ್ತವೆ. ಎ.ಸಿ. ಕೋಣೆಯಲ್ಲಿ ಕೂತು ಕೆಲಸ ಮಾಡಿದ ಯಂತ್ರ, ಸವೆಯುವ ಭಾಗ ಕಡಿಮೆ. ಹಳೆಯ ಲ್ಯಾಪ್‌ಟಾಪ್ ಹಾಗಲ್ಲ, ಊರೂರು ತಿರುಗಿ ಬಿದ್ದು ಎದ್ದು ಬಂದಿರುತ್ತದೆ, ಬ್ಯಾಟರಿ ಸತ್ತಿರುತ್ತದೆ. ಡೆಸ್ಕ್‌ಟಾಪ್ ಹಳೆಯದು ಕೊಳ್ಳಿ, ಲ್ಯಾಪ್‌ಟಾಪ್ ಆದಷ್ಟು ಹೊಸದೇ ಕೊಳ್ಳಿ.

ಹಸು ಕೊಳ್ಳುವಾಗ ಬಾಯಿ ತೆರೆದು ಹಲ್ಲು ನೋಡುವುದಿಲ್ಲವೇ? ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿ ಕೂಡಿದೆಯೋ? ಕಂಪ್ಯೂಟರಿಗೂ ಹಲ್ಲು ಇದೆ. ಪ್ರೊಸೆಸರ್ ಮೇಲಿನ ಸಂಖ್ಯೆ ನೋಡಿ. ಇಂಟೆಲ್ ಕಂಪನಿಯದು ಐ5-8500 ಎಂದಿದ್ದರೆ ಅಡ್ಡಗೆರೆಯ ನಂತರದ 8 ಎಂದರೆ ಎಂಟನೇ ಪೀಳಿಗೆ. ಐ5-10400 ಎಂದಿದ್ದರೆ ಹತ್ತನೆಯದು. ಐ5-4570 ಎಂದಿದ್ದರೆ ನಾಲ್ಕನೆಯದು, ಅದು ಮುದಿ. ಬರೀ "ಐ5 ಇದೆ ಸಾರ್" ಎನ್ನುವ ಮಾತಿಗೆ ಬೆಲೆ ಇಲ್ಲ, ಅದು "ಎಚ್.ಎಫ್. ಹಸು" ಎಂದಷ್ಟೇ ಹೇಳಿ ಸೂಲು ಹೇಳದಂತೆ. ಎಂಟನೆಯದೇ ಏಕೆಂದರೆ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಮಾಮೂಲಿ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ವಿಂಡೋಸ್ 11 ಸರಿಯಾಗಿ ಹಾಕಲು ಸಾಮಾನ್ಯವಾಗಿ ಎಂಟನೇ ಅಥವಾ ಅದಕ್ಕಿಂತ ಮೇಲಿನ ಪೀಳಿಗೆ ಬೇಕು. ಅದಕ್ಕಾಗಿಯೇ ಈಗ ಹಳೆಯ ಪೀಳಿಗೆಯವು ಆರೇಳು ಸಾವಿರಕ್ಕೆ ರಾಶಿ ಬಿದ್ದಿವೆ. ಅಗ್ಗ ಎಂದು ತಂದುಕೊಳ್ಳಬೇಡಿ. ಮೆಮೊರಿ 8 ಜಿಬಿ, ಡಿಸ್ಕ್ 256 ಜಿಬಿಯ ಎಸ್ಎಸ್‌ಡಿ ಇರಲಿ. ಜಿಎಸ್‌ಟಿ ಬಿಲ್ಲು ಮತ್ತು ಕನಿಷ್ಠ ಆರು ತಿಂಗಳ ಗ್ಯಾರಂಟಿಯನ್ನು ಬರಹದಲ್ಲಿ ಪಡೆಯಿರಿ.

ಲ್ಯಾಪ್‌ಟಾಪ್ ಹಳೆಯದೇ ಬೇಕಾದರೆ, ಹಸುವನ್ನು ಎರಡು ಹೊತ್ತು ಕರೆದು ನೋಡುವಂತೆ ಅಂಗಡಿಯಲ್ಲೇ ಚಾರ್ಜರ್ ಕಿತ್ತು ಅರ್ಧ ಗಂಟೆ ವಿಡಿಯೊ ಓಡಿಸಿ. ಬ್ಯಾಟರಿ ನೂರರಿಂದ ಐವತ್ತಕ್ಕೆ ಇಳಿದರೆ ಹೊಸ ಬ್ಯಾಟರಿಯ ಮೂರ್ನಾಲ್ಕು ಸಾವಿರವನ್ನು ಬೆಲೆಯಲ್ಲಿ ಕಡಿಮೆ ಮಾಡಿಸಿ.

ಕಂತಿನ ಮೇಲೆ ಕೊಳ್ಳುವವರಿಗೆ ಒಂದು ಮಾತು. ಬಟವಾಡೆಯಿಂದ ಕಂತು ಮುರಿಯಲು ಶುರುವಾದ ಮನೆಗಳಲ್ಲಿ ಮೊದಲು ನಿಲ್ಲುವುದು ಖನಿಜ ಮಿಶ್ರಣ, ಆಮೇಲೆ ರಾಸು ವಿಮೆ. ಕೊಟ್ಟಿಗೆಗೆ ಕಾಲಿಟ್ಟರೆ ನನಗೆ ಗೊತ್ತಾಗುತ್ತದೆ.

ತಂದ ಮೇಲೆ

ಆ ಕಡಸು ಮಾರಿದ ಮನೆಗೆ ಈ ವರ್ಷ ನಾನೇ ಜೊತೆಗೆ ಹೋಗಿ 17,500 ರೂಪಾಯಿಗೆ ಎಂಟನೇ ಪೀಳಿಗೆಯ ಹಳೆಯ ಡೆಸ್ಕ್‌ಟಾಪ್ ಕೊಡಿಸಿದೆ. ತಪ್ಪು ಸರಿಹೋಯಿತು ಎಂದಲ್ಲ, ಕಡಸು ನೊಣವಿನಕೆರೆ ಹತ್ತಿರದ ಮನೆಯಲ್ಲಿ ಹೆಣ್ಣು ಕರು ಹಾಕಿ ಹಾಲು ಕೊಡುತ್ತಿದೆ. ಇಲ್ಲಿ ತಾಯಿ ಮತ್ತು ಮಗಳು ಸೇರಿ ಎಕ್ಸೆಲ್‌ನಲ್ಲಿ ರಾಸುಗಳ ಪಟ್ಟಿ ಮಾಡಿದ್ದಾರೆ. ಒಂದು ಸಾಲಿನಲ್ಲಿ ಗರ್ಭಧಾರಣೆ ದಿನಾಂಕ. ಪಕ್ಕದ ಕಾಲಮ್ಮಿನಲ್ಲಿ ಅದಕ್ಕೆ 21 ಕೂಡಿಸಿದ್ದು, ಅವತ್ತು ಮತ್ತೆ ಬೆದೆಗೆ ಬಂತೇ ನೋಡಬೇಕು. ಮುಂದೆ 90 ಕೂಡಿಸಿದ್ದು, ಗಬ್ಬ ಪರೀಕ್ಷೆಗೆ ನನ್ನನ್ನು ಕರೆಯಬೇಕು. 220 ಕೂಡಿಸಿದ್ದು, ಹಾಲು ಬತ್ತಿಸಬೇಕು. 280 ಕೂಡಿಸಿದ್ದು, ಕರು ಹಾಕುವ ಅಂದಾಜು ದಿನ. 2025ರ ಜೂನ್ 10 ಎಂದು ಹೊಡೆದರೆ ಬತ್ತಿಸುವ ದಿನ 2026ರ ಜನವರಿ 16, ಕರು ಹಾಕುವುದು ಮಾರ್ಚ್ 17 ಎಂದು ತಾನೇ ಬರುತ್ತದೆ. ಇದನ್ನು ಗೋಡೆಯ ಕ್ಯಾಲೆಂಡರಿನಲ್ಲೂ ಬರೆಯಬಹುದು, ಆದರೆ ಕ್ಯಾಲೆಂಡರ್ ವರ್ಷಕ್ಕೊಮ್ಮೆ ಬದಲಾಗುತ್ತದೆ, ಹೋದ ವರ್ಷದ ಲೆಕ್ಕ ಒಲೆಗೆ ಹೋಗುತ್ತದೆ. ಹುಡುಗಿ ಈಗ ಅದರ ಪಕ್ಕ ದಿನದ ಫ್ಯಾಟ್, ಎಸ್ಎನ್ಎಫ್ ಕೂಡ ತುಂಬುತ್ತಿದ್ದಾಳೆ.

ಇಡುವ ಜಾಗದ ಬಗ್ಗೆ: ಕೊಬ್ಬರಿ ಅಟ್ಟದ ಕೆಳಗೆ ಬೇಡ. ಅಟ್ಟದಲ್ಲಿ ಕಾಯಿ ಇದ್ದಲ್ಲಿ ಇಲಿ ಇದ್ದೇ ಇರುತ್ತದೆ. ಡೆಸ್ಕ್‌ಟಾಪಿನ ಹಿಂದಿನ ತೂತುಗಳಿಂದ ಒಳಗೆ ಹೋಗಿ ತಂತಿ ಕಡಿದದ್ದನ್ನು ಎರಡು ಮನೆಗಳಲ್ಲಿ ನೋಡಿದ್ದೇನೆ. ಹಿಂದಿನ ಖಾಲಿ ಕಿಂಡಿಗಳಿಗೆ ತಗಡಿನ ಮುಚ್ಚಳ ಹಾಕಿಸಿ, ಗಾಳಿ ಹೋಗುವ ಜಾಲರಿ ಮಾತ್ರ ಮುಚ್ಚಬೇಡಿ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೆ ಮುಂಚೆ ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು. ಇಂಟರ್‌ನೆಟ್ ವೈರ್ ಇದ್ದರೆ ಅದನ್ನೂ ಕೀಳಿ.

ಹಳೆಯದು ಕೊಳ್ಳಲು ಹೊರಟವರು ಪ್ರೊಸೆಸರ್ ಸಂಖ್ಯೆ, ಮೆಮೊರಿ, ಕೇಳಿದ ಬೆಲೆ ಈ ಮೂರನ್ನು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಾನು ನಿಮ್ಮ ಸಂಘದ ಭೇಟಿಗೆ ಬಂದ ದಿನ ತೋರಿಸಿದರೆ ನೋಡಿ ಹೇಳುತ್ತೇನೆ. ಫೋನಿನಲ್ಲಿ ಮಾತ್ರ ಕೇಳಬೇಡಿ, ಅದರಿಂದ ಏನಾಯಿತು ಎಂದು ಮೇಲೆ ಬರೆದಿದ್ದೇನೆ. ಬೆದೆಗೆ ಬಂದ ಹಸು ಇದ್ದರೆ ಯಾವ ಹೊತ್ತಾದರೂ ಫೋನ್ ಮಾಡಿ.